ಏಳನೆಯ ಗುಂಡಿ

ಡಬ್ಲಿನ್ನಿನ ಸಭಾಂಗಣದ ಎದುರು, ಫೆಬ್ರವರಿಯ ರಾತ್ರಿ,
ಹನ್ನೊಂದು ಜನ ನಾವು, ಹನ್ನೊಂದು ರಟ್ಟಿನ ಫಲಕ.
ನನ್ನದರಲ್ಲಿ ಬರೆದದ್ದು: ಒಳಗೆ ಹೋಗಬೇಡಿ.
ಅಕ್ಷರ ಬ್ರೀಡಳದು. ಅಂಗಡಿಯ ಗಲ್ಲಾದಲ್ಲಿ ಕೂತು
ನಮ್ಮ ದೇಶದ ಕಿತ್ತಳೆ ಮುಟ್ಟಲೊಲ್ಲೆ ಎಂದು ಕೆಲಸ ಕಳಕೊಂಡವಳು.
ಆ ದೇಶ ಎಲ್ಲಿದೆಯೆಂದು ನಕಾಶೆಯಲ್ಲಿ
ಆಮೇಲೆ ಹುಡುಕಿದಳಂತೆ.
ಅಂಥವಳ ಪಕ್ಕ ನಿಂತು ನಾನು ನಡುಗಬಾರದು.

ಬರುವವರು ಬಂದೇ ಬಂದರು.
ಒಬ್ಬ ನನ್ನ ಮುಖ ನೋಡಿ, ಫಲಕ ನೋಡಿ, ಮತ್ತೆ ಮುಖ ನೋಡಿ
"ಒಳಗೆ ನುಡಿಸುವವನು ನಿಮ್ಮವನೇ ಅಲ್ಲವೇ?" ಎಂದ.
ಹೌದು ಸ್ವಾಮಿ, ನಮ್ಮವನೇ.
ಅದಕ್ಕೇ ನಿಂತಿರುವುದು.

ಪೋಸ್ಟರಿನ ತುಂಬ ಗ್ರಾನ್ಯ ಎಂಬ ಪಿಟೀಲಿನವಳು,
ಅವಳ ಭುಜದ ಹಿಂದೆ ಅರೆಗತ್ತಲಲ್ಲಿ ಮೊಲೆಫಿ.
ಹೊಸ ಹ್ಯಾಟು. ಅದೇ ಓರೆಗಣ್ಣು.

ಕಟ್ಲೆಹಾಂಗಿನಲ್ಲಿ ಅವನ ಅಕಾರ್ಡಿಯನ್ನಿಗೆ
ಏಳನೆಯ ಗುಂಡಿ ಸತ್ತಿತ್ತು.
ಗಣಿ ಬಿಟ್ಟು ಬರುವಾಗ ಅವನಪ್ಪ ಗಿರವಿ ಅಂಗಡಿಯಲ್ಲಿ ಕೊಂಡದ್ದು,
ತಿದಿಗೆ ಸೈಕಲ್ ಟ್ಯೂಬಿನ ತೇಪೆ.
ಒತ್ತಿದರೆ ಗಾಳಿ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ,
ಮುದುಕಿ ಏನೋ ಹೇಳಹೋಗಿ ಮರೆತಂತೆ.
ಹಾಗಾಗಿ ಅವನ ಹಾಡುಗಳೆಲ್ಲ ಅಲ್ಲಿಗೆ ಬಂದಾಗ
ಚರಂಡಿ ದಾಟುವ ಹುಡುಗನ ಹಾಗೆ
ಒಂದು ಹಾರು ಹಾರಿ ಆಚೆ ಬೀಳುತ್ತಿದ್ದವು.

ಆ ಹಾರುವ ಜಾಗ ನನ್ನದು.
ಅಲ್ಲಿ ನಾನು ನೆಲಕ್ಕೆ ಹಿಮ್ಮಡಿ ಹೊಡೆಯಬೇಕು, ಒಂದೇ ಸಲ.
ಮದುವೆಗಳಲ್ಲಿ, ಕಳ್ಳ ಹೆಂಡದ ಮನೆಗಳಲ್ಲಿ,
ಪೊಲೀಸರು ಬರುವ ಮುಂಚೆ, ಬಂದು ಹೋದ ಮೇಲೆ,
ಹನ್ನೆರಡು ವರ್ಷ ನನ್ನ ಸಂಗೀತವೆಂದರೆ ಆ ಒಂದು ಹಿಮ್ಮಡಿ.

ಬಳಿಕ ನನ್ನ ಹೆಸರು ಪಟ್ಟಿಗೆ ಬಂತು.
ಗಡಿ, ಲಾರಿ, ಇನ್ನೊಬ್ಬನ ಪಾಸ್‌ಪೋರ್ಟು.
ಇಲ್ಲಿ ಆಸ್ಪತ್ರೆಯ ಲಾಂಡ್ರಿ, ಗುಡ್ಡದಷ್ಟು ಬಿಳಿ ಹಾಸು.

ಬಹಿಷ್ಕಾರಕ್ಕೆ ಸಭೆಯಲ್ಲಿ ಎತ್ತಿದ ಕೈಗಳಲ್ಲಿ
ನನ್ನದೂ ಒಂದು. ಇನ್ನೂ ಇಳಿಸಿಲ್ಲ.
ಹುಟ್ಟಿದಾಗಿನಿಂದ ಹೊರಗೇ ನಿಂತವನಿಗೆ
ಹೊರಗೆ ನಿಲ್ಲುವ ಕಸುಬು ಯಾರೂ ಕಲಿಸಬೇಕಿಲ್ಲ.
ಇನ್ನೊಬ್ಬರಿಗೆ "ಹೋಗಬೇಡಿ" ಎನ್ನುವುದಷ್ಟೇ ಹೊಸದು,
ನಾಲಗೆಗೆ ಒಗ್ಗಿಲ್ಲ.

ಒಂಬತ್ತರ ಹೊತ್ತಿಗೆ ಪಕ್ಕದ ಗಲ್ಲಿಯಲ್ಲಿ ಯಾರೋ
ಸಿಗರೇಟು ಸೇದಲು ಬಾಗಿಲು ತೆರೆದರು. ಮುಚ್ಚಲು ಮರೆತರು.

ತಿದಿ ಉಸಿರೆಳೆದದ್ದು ಮೊದಲು ಕೇಳಿತು.
ಈಗವನ ಕೈಯಲ್ಲಿ ಹೊಸ ಪೆಟ್ಟಿಗೆ, ಎಲ್ಲ ಗುಂಡಿಗೂ ಜೀವ.
ಆದರೂ ಆ ಜಾಗ ಬಂದಾಗ
ಹಾರಿದ ಮೊಲೆಫಿ, ಇಲ್ಲದ ಚರಂಡಿಯನ್ನು.
ಆ ಖಾಲಿಗೆ, ನನ್ನ ಖಾಲಿಗೆ,
ಸೂಜಿಗೆ ದಾರ ಪೋಣಿಸುವಷ್ಟು ಮೆಲ್ಲಗೆ
ಅವಳ ಪಿಟೀಲು ಒಂದು ಎಳೆ ಬಿಟ್ಟಿತು.

ಚೆನ್ನಾಗಿತ್ತು. ಸುಳ್ಳು ಯಾಕೆ.
ಚೆನ್ನಾಗಿತ್ತೆಂದೇ ಹೊಟ್ಟೆ ಉರಿಯಿತು.

ಎರಡನೆಯ ಸುತ್ತು. ಮೂರನೆಯದು.
ನಾಲ್ಕಕ್ಕೆ ನನ್ನ ಹಿಮ್ಮಡಿ ನನ್ನನ್ನು ಕೇಳಲಿಲ್ಲ.
ಬ್ರೀಡ್ ತಿರುಗಿದಳು. "ಚಳಿ," ಎಂದೆ.
"ಚಳಿಯೇ ಮತ್ತೆ," ಎಂದು ಅವಳೂ ಕಾಲು ಬಡಿದಳು, ತಾಳ ತಪ್ಪಿ.

ಹನ್ನೊಂದಕ್ಕೆ ಹೊರಬಂದ. ತಬ್ಬಿಕೊಳ್ಳಲಾಗಲಿಲ್ಲ,
ಅವನ ಕೈಯಲ್ಲಿ ಪೆಟ್ಟಿಗೆ, ನನ್ನ ಕೈಯಲ್ಲಿ ಫಲಕ.
"ದುಡ್ಡು ಕೊಟ್ಟರು, ಪಿಟ್ಸೋ. ತಂಗಿಯ ಮನೆಗೆ ತಗಡು ಹಾಕಿಸಿದೆ.
ನಿನ್ನ ರಟ್ಟು ಎಷ್ಟು ಮಳೆ ತಡೆಯುತ್ತೆ?"
"ನಾಳೆ ಅವರು ಪೇಪರಿನಲ್ಲಿ ನಿನ್ನ ಫೋಟೋ ಹಾಕಿ
ನೋಡಿ, ನಾವೆಲ್ಲ ಕೂಡಿ ಹಾಡುತ್ತೇವೆ ಅಂತಾರೆ."
"ಹಾಕಲಿ. ನನ್ನದು ಓರೆಗಣ್ಣು.
ಯಾರನ್ನು ನೋಡುತ್ತಿದ್ದೇನೋ ಅವರಿಗೇನು ಗೊತ್ತು."

ಆಮೇಲೆ ಪೆಟ್ಟಿಗೆಯ ಪಟ್ಟಿ ಬಿಗಿಯುತ್ತ, ತಲೆಯೆತ್ತದೆ,
"ಕೇಳಿಸಿತೇನು?" ಎಂದ.
"ಇಲ್ಲ," ಎಂದೆ.

ಕೊನೆಯ ಬಸ್ಸಿನಲ್ಲಿ ಫಲಕವನ್ನು ಸೀಟಿನಡಿ ತಳ್ಳಿದೆ,
ಅಕ್ಷರ ಒಳಮುಖವಾಗಿ.
ನಾಳೆಯೂ ಅವರು ನುಡಿಸುತ್ತಾರೆ. ನಾಳೆಯೂ ನಾನು ನಿಲ್ಲುತ್ತೇನೆ.
ಹೋಗುವ ಮುಂಚೆ
ಎಡಗಾಲಿನ ಬೂಟಿಗೆ ಹೊಸ ಹಿಮ್ಮಡಿ ಹೊಡೆಸಬೇಕು.